ಕಾಶಿಯಲ್ಲಿ ಬಿಟ್ಟ ಸೆಂಟು

ವಾರಾಣಸಿ
12 ಜುಲೈ 2024

ಪ್ರಿಯೂ,

ಆಶೀರ್ವಾದ ಯಾವಾಗಲೂ ಇದ್ದೇ ಇದೆ, ಅದನ್ನು ಬರೆದು ಒಂದು ಸಾಲು ಕಳೆಯುವುದಿಲ್ಲ. ಕೈಯಲ್ಲಿ ಮೊಬೈಲು ಇಟ್ಟುಕೊಂಡು ಅಕ್ಕ ಕಾಗದ ಬರೆಯುತ್ತಿದ್ದಾಳಲ್ಲ ಎಂದು ನಗಬೇಡ. ಕಾರಣ ಅಮ್ಮ. ಫೋನು ಹೊಡೆದುಕೊಂಡರೆ ಸಾಕು, ಎಲ್ಲಿದ್ದರೂ ಬಂದು ಕಿತ್ತುಕೊಳ್ಳುತ್ತಾಳೆ. "ನಂಬರ್ ಪ್ಲೀಸ್" ಎನ್ನುತ್ತಾಳೆ. ದಾವಣಗೆರೆಯ ಟೆಲಿಫೋನ್ ಎಕ್ಸ್‌ಚೇಂಜಿನ ಕುರ್ಚಿ ಬಿಟ್ಟು ಎಷ್ಟು ಕಾಲವಾಯಿತು, ಈಗ ಮತ್ತೆ ಅಲ್ಲಿಗೇ ಹೋಗಿ ಕೂತಿದ್ದಾಳೆ. ಮೊನ್ನೆ ಗೋಕಾಕದ ಯಾತ್ರಿಕರೊಬ್ಬರು ಶ್ರಾದ್ಧದ ದಿನ ಗೊತ್ತುಮಾಡಲು ಇವರಿಗೆ ಫೋನು ಮಾಡಿದರೆ, ಅಮ್ಮ ಎತ್ತಿಕೊಂಡು "ಲೈನ್ ಎಂಗೇಜ್ ಇದೆ, ಆಮೇಲೆ ಮಾಡಿ" ಎಂದು ಇಟ್ಟುಬಿಟ್ಟಳು. ಅವರು ಬೇರೆ ಪುರೋಹಿತರನ್ನು ಹಿಡಿದರು. ನಿನ್ನ ಭಾವ ಏನೂ ಅನ್ನದಿದ್ದಾಗ ನನಗೆ ಇನ್ನೂ ಕಷ್ಟವಾಗುತ್ತದೆ.

ಅವಳ ಎದುರಿಗೆ ಅವಳ ವಿಷಯ ಫೋನಿನಲ್ಲಿ ಮಾತಾಡುವ ಹಾಗಿಲ್ಲ. ನೆನಪು ಹೋಗಿದ್ದರೂ ಕಿವಿ ಚುರುಕಾಗಿಯೇ ಇದೆ. ಇರುವುದು ಎರಡು ಕೋಣೆ, ಮೇಲಿನದೆಲ್ಲ ಯಾತ್ರಿಕರಿಗೆ. ಅದಕ್ಕೇ ಈ ಕಾಗದ.

ವಿಷಯ ಇಷ್ಟು. ಅವಳು ಸೆಂಟು ಕೇಳುತ್ತಿದ್ದಾಳೆ.

ಬೆಳಿಗ್ಗೆ ಸ್ನಾನ ಮಾಡಿಸಿ, ಸೀರೆ ಉಡಿಸಿ, ತಲೆ ಬಾಚಿ ಕೂರಿಸುತ್ತೇನಲ್ಲ, ಆಗ ಎರಡೂ ಮಣಿಕಟ್ಟು ಮುಂದೆ ಚಾಚುತ್ತಾಳೆ. "ಅನಂತೀ, ನನ್ನ ಸೆಂಟು ಎಲ್ಲಿಟ್ಟಿದೀಯೆ? ಡ್ಯೂಟಿಗೆ ಹೊತ್ತಾಯ್ತು." ಮೊದಮೊದಲು ನಿಜವನ್ನೇ ಹೇಳಿದೆ. ಅಮ್ಮ, ನೀನು ಕಾಶಿಗೆ ಬಂದಾಗ ಅದನ್ನು ಬಿಟ್ಟೆಯಲ್ಲ, ಗಂಗೆಯಲ್ಲಿ ನಿಂತು ಬಿಟ್ಟೆಯಲ್ಲ ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು. "ನಾನಾ? ಸೆಂಟು ಬಿಟ್ಟೆನಾ? ಯಾಕೆ ಬಿಟ್ಟೆ?" ಎಂದಳು. ಆಮೇಲೆ ಅತ್ತಳು. ಯಾರೋ ಸತ್ತ ಸುದ್ದಿ ಕೇಳಿದ ಹಾಗೆ ಅತ್ತಳು. ಅರ್ಧ ಗಂಟೆಗೆ ಅದೂ ಮರೆತುಹೋಯಿತು. ಮತ್ತೆ ಕೈ ಚಾಚಿದಳು.

ದಿನಾ ಹೀಗೇ. ಇಲ್ಲಿಗೆ ಬಂದವರು ತಮಗೆ ಇಷ್ಟವಾದದ್ದು ಒಂದನ್ನು ಬಿಟ್ಟು ಹೋಗಬೇಕು ಎಂಬುದು ಲೋಕಕ್ಕೆಲ್ಲ ಗೊತ್ತು. ಎಲ್ಲರೂ ಹಾಗಲಕಾಯಿ ಬಿಟ್ಟು ಜಾಣರಾಗುತ್ತಾರೆ. ನಮ್ಮಮ್ಮ ಸೆಂಟು ಬಿಟ್ಟಳು. ಬಿಟ್ಟವಳಿಗೆ ನೆನಪಿಲ್ಲ, ನೆನಪಿರುವ ನಾನು ಅದನ್ನು ಕಾಯುತ್ತಾ ಕೂತಿದ್ದೇನೆ. ಏನು ಮಾಡಲಿ ಹೇಳು.

ಅಕ್ಷರಾ ಹೇಗಿದ್ದಾಳೆ? ನಿನ್ನ ಮಗಳಿಗೆ ಓಡಾಡಿದರೆ ಈಗ ಏದುಸಿರು ಬರುವುದಿಲ್ಲ ತಾನೆ?

ನಿನ್ನ ಅಕ್ಕ,
ಅನಂತಲಕ್ಷ್ಮಿ


ದಾವಣಗೆರೆ
24 ಜುಲೈ 2024

ಅಕ್ಕ,

ನಿನ್ನ ಕಾಗದ ಓದಿ ನಗು ಬರಲಿಲ್ಲ, ಸಿಟ್ಟು ಬಂತು. ಏನು ಮಾಡಲಿ ಎಂದು ಕೇಳಿದ್ದೀಯಲ್ಲ, ಅದರಲ್ಲಿ ಕೇಳುವುದೇನಿದೆ? ಕೊಡು. ಎಪ್ಪತ್ತೆಂಟರ ಹೆಂಗಸು, ತಲೆ ಸರಿಯಿಲ್ಲ, ಸೆಂಟು ಕೇಳುತ್ತಿದ್ದಾಳೆ. ಒಂದು ಹನಿ ಹಚ್ಚಿದರೆ ಗಂಗೆ ಬತ್ತಿಹೋಗುವುದಿಲ್ಲ.

ಅವಳು ಅದನ್ನು ಬಿಟ್ಟದ್ದೇ ನನಗೆ ಇವತ್ತಿಗೂ ನುಂಗಲಾಗದ ವಿಷಯ. ಕಾಶಿಗೆ ಹೋದ ಅಮ್ಮ ಒಬ್ಬಳು, ವಾಪಸು ಬಂದವಳು ಇನ್ನೊಬ್ಬಳು. ಸ್ಟೇಷನ್ನಿನಲ್ಲಿ ತಬ್ಬಿಕೊಂಡಾಗ ಏನೋ ಇಲ್ಲ ಅನ್ನಿಸಿತು. ಕೇಳಿದರೆ "ಬಿಟ್ಟೆ" ಎಂದಳು, ಅಷ್ಟೇ. ಭಾವ ಶಾಸ್ತ್ರ ಹೇಳಿ ಬಿಡಿಸಿದ್ದಾರೆ ಎಂದು ನನಗೆ ಆಗಲೇ ಗೊತ್ತಾಯಿತು. ವಿಧವೆಗೆ ಸೆಂಟೇಕೆ ಎಂದು ತುಳಸಮ್ಮತ್ತೆ ಜೀವಮಾನವೆಲ್ಲ ಗೊಣಗಿ ಬಿಡಿಸಲಾಗದ್ದನ್ನು ನಿನ್ನ ಗಂಡ ಒಂದು ಸಂಕಲ್ಪದಲ್ಲಿ ಬಿಡಿಸಿದರು. ದೊಡ್ಡವರು, ನಾನೇನೂ ಅನ್ನುವುದಿಲ್ಲ. ಅಂದೇ ಬಿಟ್ಟೆನಲ್ಲ, ಇರಲಿ.

ನಿನಗೆ ಮರೆತಿದೆಯಾ? ಅಪ್ಪ ಹೋದ ಮೇಲೆ ಡ್ಯೂಟಿಗೆ ಮರಳಿದ ಮೊದಲ ದಿನ ಅವಳು ಕನ್ನಡಿ ಎದುರು ನಿಂತು ಆ ಮಿಸ್ ರೋಸಲಿನ್ ಸೆಂಟಿನ ಬಾಟಲಿ ತೆಗೆದಳು. ತುಳಸಮ್ಮತ್ತೆ ಬಾಗಿಲಲ್ಲಿ ಅಡ್ಡ ನಿಂತು "ಭಾಗೀರಥೀ, ಜನ ಏನಂತಾರೆ" ಎಂದರು. ಅಮ್ಮ ಒಂದು ಮಣಿಕಟ್ಟಿಗೆ ಹಚ್ಚಿ, ಇನ್ನೊಂದಕ್ಕೆ ಉಜ್ಜಿ, ಕಿವಿಯ ಹಿಂದೆ ಮುಟ್ಟಿಸಿಕೊಂಡು, "ಜನ ಫೋನಿನಲ್ಲಿ ಮಾತಾಡ್ತಾರೆ ಅತ್ತಿಗೆ, ನನ್ನ ಹತ್ತಿರಕ್ಕೆ ಬರಲ್ಲ" ಎಂದು ಚಪ್ಪಲಿ ಮೆಟ್ಟಿ ಹೊರಟಳು. ಎಕ್ಸ್‌ಚೇಂಜಿನ ಸೂಪರ್‌ವೈಸರು ಒಮ್ಮೆ ಚುಡಾಯಿಸಿದ್ದರಂತೆ, ಯಾರೂ ಕಾಣದ ಕೆಲಸಕ್ಕೆ ಸೆಂಟು ಯಾಕೆ ಭಾಗೀರಥಮ್ಮ, ತಂತಿಯಲ್ಲಿ ವಾಸನೆ ಹೋಗುತ್ತಾ ಎಂದು. "ವಾಸನೆ ಹೋಗಲ್ಲ ಸಾರ್, ಠೀವಿ ಹೋಗುತ್ತೆ" ಎಂದಳಂತೆ. ಆ ಠೀವಿಯಲ್ಲೇ ನಮ್ಮಿಬ್ಬರನ್ನು ಓದಿಸಿದಳು. ಅಳುವುದಿದ್ದರೂ ಸೆಂಟು ಹಾಕಿಕೊಂಡು ಅತ್ತಳು.

ಮೊದಲು ಮೂಗಿಗೆ ಹೊಡೆಯುವ ನಿಂಬೆಸಿಪ್ಪೆ, ಆಮೇಲೆ ಸುಗಂಧರಾಜ. ಸಂಜೆ ಅವಳು ಸೀರೆ ಬಿಚ್ಚಿ ಮಂಚದ ಮೇಲೆ ಎಸೆದಾಗ ಮಡಿಕೆಗಳಲ್ಲಿ ಸ್ವಲ್ಪ ಏಲಕ್ಕಿ. ನಾವು ಆ ಸೀರೆಯಲ್ಲಿ ಮುಖ ಮುಚ್ಚಿಕೊಂಡು ಮಲಗುತ್ತಿದ್ದೆವು. ಆ ಕಂಪನಿ ಇನ್ನೂ ಇದೆ, ಹುಡುಕಿ ತರಿಸಿದ್ದೇನೆ. ಅದೇ ಕಡುನೀಲಿ ಬಾಟಲಿ, ಮುಚ್ಚಳ ಮಾತ್ರ ಈಗ ಪ್ಲಾಸ್ಟಿಕ್ಕು. ಇದರ ಜೊತೆಗೇ ಪಾರ್ಸೆಲ್ ಕಳಿಸುತ್ತಿದ್ದೇನೆ. ಎಂದಿನಂತೆ ನಿನ್ನ ಕಾಫಿಪುಡಿಯೂ ಇದೆ.

ಅಕ್ಷರಾ ಚೆನ್ನಾಗಿದ್ದಾಳೆ. ಮನೆ ಮುಂದಿನ ಇಳಿಜಾರಿನಲ್ಲಿ ಮೂರು ಚಕ್ರದ ಸೈಕಲ್ ಬಿಡುತ್ತಾಳೆ, ನಾನು ಹಿಂದೆ ಓಡಿ ನನಗೇ ಏದುಸಿರು.

ಪ್ರಿಯಂವದಾ


ವಾರಾಣಸಿ
9 ಆಗಸ್ಟ್ 2024

ಪ್ರಿಯೂ,

ಪಾರ್ಸೆಲ್ ಬಂತು. ಕಾಫಿಪುಡಿ ಡಬ್ಬಿಗೆ ಸೇರಿತು. ಬಾಟಲಿಯನ್ನು ಮಾತ್ರ ಬಿಚ್ಚದೆ ಹಾಗೇ ಸೀರೆಗಳ ನಡುವೆ ಇಟ್ಟಿದ್ದೇನೆ. ಸಿಟ್ಟು ಮಾಡಿಕೊಳ್ಳಬೇಡ. ಕೊಡುವುದು ಅಷ್ಟು ಸುಲಭವಲ್ಲ.

ಇದು ಶ್ರಾವಣ, ಗಲ್ಲಿಯಲ್ಲಿ ಕಾಲಿಡಲು ಜಾಗವಿಲ್ಲ. ಗಂಗೆ ಏರಿ ದಶಾಶ್ವಮೇಧದ ಮೆಟ್ಟಿಲು ನುಂಗಿದ್ದಾಳೆ, ಇವರು ಪಿಂಡ ಹಾಕಿಸುವುದನ್ನೆಲ್ಲ ಮೇಲಿನ ಜಗುಲಿಯಲ್ಲೇ ಮಾಡಿಸುತ್ತಿದ್ದಾರೆ. ಇದರ ನಡುವೆ ನಾನು ವಿಶ್ವನಾಥ ಗಲ್ಲಿಗೆ ಹೋಗಿ ಒಂದು ಕೇದಿಗೆಯ ಅತ್ತರು ತಂದೆ. ಸೆಂಟು ಬಿಟ್ಟಿದ್ದಾಳೆ, ಅತ್ತರು ಬಿಟ್ಟಿಲ್ಲವಲ್ಲ ಎಂದುಕೊಂಡೆ. ವಕೀಲರ ಬುದ್ಧಿ. ಅವಳ ಮುಂದೆ ಹಿಡಿದರೆ ಮುಚ್ಚಳ ತೆಗೆಯಲೂ ಬಿಡಲಿಲ್ಲ. "ಇದ್ಯಾವುದೇ ಈ ಔಷಧಿ ಶೀಸೆ? ನನ್ನದು ನೀಲಿ ಬಾಟ್ಲಿ" ಎಂದು ತಳ್ಳಿದಳು. ಇದು ದೇವರಿಗೆ ಹಾಕುವಂಥ ಒಳ್ಳೆಯ ಅತ್ತರು ಅಮ್ಮ ಎಂದೆ. "ನಾನೇನು ಉತ್ಸವಮೂರ್ತಿಯೇನೆ?" ಎಂದಳು. ಆ ಒಂದು ಕ್ಷಣ ನಮ್ಮ ಹಳೆಯ ಅಮ್ಮ ಬಂದು ಕೂತ ಹಾಗಾಯಿತು. ನಾನು ನಕ್ಕೆ, ಅವಳೂ ನಕ್ಕಳು. ಆಮೇಲೆ ಮತ್ತೆ ಕೈ ಚಾಚಿದಳು.

ಈಗ ನಿಜ ಹೇಳುವುದನ್ನು ಬಿಟ್ಟಿದ್ದೇನೆ. ನಾಳೆ ಬರುತ್ತದೆ ಎನ್ನುತ್ತೇನೆ. ಅಂಗಡಿ ಮುಚ್ಚಿದೆ ಎನ್ನುತ್ತೇನೆ. ನಮ್ಮ ವಿಜಯಾ ಲಂಕಾ ಬಡಾವಣೆಯ ಕೋಚಿಂಗ್ ಕ್ಲಾಸು ಮುಗಿಸಿ ಬಂದವಳು ದಿನವೂ ಇದನ್ನು ನೋಡುತ್ತಾಳೆ. "ಮಾ, ದೇ ದೋ ನಾ. ಕ್ಯಾ ಹೋ ಜಾಏಗಾ?" ಎಂದು ಕೇಳುತ್ತಾಳೆ. ಕೊಟ್ಟುಬಿಡು, ಏನಾಗಿಬಿಡುತ್ತೆ ಎಂದು ನೀನೂ ಕೇಳುತ್ತೀಯ. ಏನಾಗುತ್ತದೆ ಎಂದು ಗೊತ್ತಿದ್ದರೆ ನಾನು ಇಷ್ಟು ಹೆದರುತ್ತಿದ್ದೆನೇ?

ನಿನ್ನ ಭಾವನನ್ನು ಬೈಯಬೇಡ. ಅವರು ಬಿಡಿಸಿದ್ದಲ್ಲ. ಸದ್ಯಕ್ಕೆ ಇಷ್ಟು ನಂಬು.

ಅನಂತಲಕ್ಷ್ಮಿ


ದಾವಣಗೆರೆ
20 ಆಗಸ್ಟ್ 2024

ಅಕ್ಕ,

ನಂಬಲಾರೆ. ಭಾವ ಬಿಡಿಸದಿದ್ದರೆ ಇನ್ಯಾರು, ಸಾಕ್ಷಾತ್ ವಿಶ್ವನಾಥನೇ?

ನೇರವಾಗಿ ಹೇಳುತ್ತೇನೆ, ನೀನು ಬದಲಾಗಿದ್ದೀಯ. ಪುರೋಹಿತರ ಮನೆಯಲ್ಲಿ ಇಷ್ಟು ವರ್ಷ ಯಾತ್ರಿಕರಿಗೆ ಅನ್ನ ಬಡಿಸಿ, ಅವರ ಪಾಪಪುಣ್ಯದ ಮಾತು ಕೇಳಿ ಕೇಳಿ, ಎದುರಿಗೆ ಕೂತು ಅಳುವ ತಾಯಿಗಿಂತ ನೀರಿಗೆ ಹೇಳಿದ ಮಾತೇ ದೊಡ್ಡದು ಅನ್ನಿಸತೊಡಗಿದೆ ನಿನಗೆ. ನಾನಾಗಿದ್ದರೆ ಎಂದೋ ಹಚ್ಚಿಬಿಡುತ್ತಿದ್ದೆ. ಪಾಪ ಬಂದರೆ ನನಗೇ ಬರಲಿ ಎನ್ನುತ್ತಿದ್ದೆ. ನನ್ನ ಬಾಟಲಿ ಸೀರೆ ನಡುವೆ ಇಡಲಿಕ್ಕೆ ಕಳಿಸಿದ್ದಲ್ಲ.

ಬಂದು ಕರೆದುಕೊಂಡು ಹೋಗುತ್ತೇನೆ ಎಂದು ನಿನ್ನೆಯೆಲ್ಲ ಅಂದುಕೊಂಡೆ. ಆದರೆ ಹೇಗೆ ಬರಲಿ? ಶಾಲೆಯಲ್ಲಿ ಹತ್ತನೇ ಕ್ಲಾಸಿನ ಗಣಿತ ನನ್ನದೊಬ್ಬಳದೇ, ಅಕ್ಟೋಬರಿನಲ್ಲಿ ಅಕ್ಷರಾಳ ಎದೆಯ ತಪಾಸಣೆ. ಆಪರೇಷನ್ ಆದಮೇಲೆ ಇದು ದೊಡ್ಡ ತಪಾಸಣೆಯಂತೆ, ಇದರಲ್ಲಿ ಎಲ್ಲ ಸರಿಯಿದ್ದರೆ ಇನ್ನು ಚಿಂತೆಯಿಲ್ಲ ಎಂದಿದ್ದಾರೆ. ಅಮ್ಮ ನಿನ್ನ ಹತ್ತಿರ ಇರಬೇಕಾದದ್ದೇ ನನ್ನ ಕೈಲಾಗದೆ ಎಂದು ನನಗೂ ಗೊತ್ತು. ಅದಕ್ಕೇ ನಿನ್ನನ್ನು ಗಟ್ಟಿಯಾಗಿ ಬೈಯಲೂ ಬಾಯಿ ಬರುವುದಿಲ್ಲ. ಬೈದದ್ದು ಇಷ್ಟೇ, ಇದರಲ್ಲೇ ತಿಳಿದುಕೋ.

ದಯವಿಟ್ಟು ಕೊಡು. ಕಾಲಿಗೆ ಬೀಳುತ್ತೇನೆ.

ಪ್ರಿಯಂವದಾ


ವಾರಾಣಸಿ
2 ಸೆಪ್ಟೆಂಬರ್ 2024

ಪ್ರಿಯೂ,

ನಿನಗೆ ಹೇಳುವುದಿಲ್ಲ ಎಂದು ಅಮ್ಮನಿಗೆ ಮಾತು ಕೊಟ್ಟಿದ್ದೆ. ಆ ಮಾತು ಕೊಟ್ಟದ್ದೂ ಅವಳಿಗೀಗ ನೆನಪಿಲ್ಲ. ಹೇಳಿಬಿಡುತ್ತೇನೆ.

ಮೂರು ವರ್ಷದ ಹಿಂದಿನ ಕಾರ್ತಿಕ ಮಾಸ. ಅಕ್ಷರಾ ಹಾಲು ಕುಡಿಯಲೂ ತ್ರಾಣವಿಲ್ಲದೆ ನೀಲಿಗಟ್ಟುತ್ತಿದ್ದಳಲ್ಲ, ಎದೆಯಲ್ಲಿ ತೂತಿದೆ, ಜನವರಿಯಲ್ಲಿ ಆಪರೇಷನ್ ಎಂದು ಡಾಕ್ಟರು ಹೇಳಿದ್ದರಲ್ಲ, ಆಗಲೇ ಅಮ್ಮ ಇದ್ದಕ್ಕಿದ್ದ ಹಾಗೆ ಕಾಶಿಗೆ ಬಂದದ್ದು. ಮಗು ಹೀಗಿರುವಾಗ ಇವಳಿಗೆ ಯಾತ್ರೆ ಬೇಕಾಯಿತೇ ಎಂದು ನೀನು ಮುಖ ದಪ್ಪ ಮಾಡಿಕೊಂಡಿದ್ದೆ.

ಘಾಟಿನಲ್ಲಿ ಹಾನಗಲ್ಲಿನ ಒಂದು ಗುಂಪಿನ ಜೊತೆ ಅವಳನ್ನೂ ನಿಲ್ಲಿಸಿದೆವು. ಇವರು ಒಬ್ಬೊಬ್ಬರನ್ನಾಗಿ ಏನು ಬಿಡುತ್ತೀರಿ ಎಂದು ಕೇಳುತ್ತಾ ಬಂದರು. ಸೋರೆಕಾಯಿ, ಸೀತಾಫಲ, ಪಡವಲಕಾಯಿ. ಅಮ್ಮನ ಸರದಿ ಬಂದಾಗ ಇವರೇ ಮೆಲ್ಲಗೆ, "ಹೀರೇಕಾಯಿ ಅನ್ನಿ ಅತ್ತೆ, ಸಾಕು" ಎಂದರು. ಕೇಳಿಸಿತಾ ಪ್ರಿಯೂ? ಬಿಡಿಸಿದರು ಎಂದು ನೀನು ಬೈಯುವ ನಿನ್ನ ಭಾವ ಹಾಗೆ ಹೇಳಿಕೊಟ್ಟರು. ಅಮ್ಮ ಸೊಂಟದವರೆಗೆ ನೀರಿನಲ್ಲಿ ನಿಂತು ಅವರನ್ನೇ ನೋಡಿದಳು. "ಅಳಿಯಂದಿರೇ, ಹೀರೇಕಾಯಿಗೆಲ್ಲ ನನ್ನ ಮೊಮ್ಮಗಳ ಎದೆ ಮುಚ್ಚುತ್ತೇನ್ರೀ?" ಎಂದಳು. ಬೊಗಸೆಯಲ್ಲಿ ನೀರು ತುಂಬಿ, "ಅಕ್ಷರಾ ಗಟ್ಟಿಯಾಗಲಿ, ನಾನು ಜೀವ ಇರೋವರೆಗೂ ಸೆಂಟು ಮುಟ್ಟಲ್ಲ" ಎಂದು ಬಿಟ್ಟಳು. ಇವರ ಬಾಯಲ್ಲಿ ಮಂತ್ರ ನಿಂತುಹೋಯಿತು.

ಮೆಟ್ಟಿಲು ಹತ್ತುವಾಗ ನನ್ನ ಕೈ ಹಿಡಿದು, "ಪ್ರಿಯಂಗೆ ಹೇಳಬೇಡ. ಅವಳು ನಂಬಲ್ಲ, ನಗ್ತಾಳೆ" ಎಂದಳು.

ಆಪರೇಷನ್ ಚೆನ್ನಾಗಿ ಆಯಿತು. ಅದು ಡಾಕ್ಟರ ಕೈಗುಣ ಎಂದು ನೀನು ಹೇಳುತ್ತೀಯ, ನಾನೂ ಇಲ್ಲವೆನ್ನುವುದಿಲ್ಲ. ಆದರೆ ಈ ಬಾಟಲಿ ಕೈಗೆತ್ತಿಕೊಂಡಾಗಲೆಲ್ಲ ನನಗೆ ಕಾಣುವುದು ಅಕ್ಷರಾಳ ಮುಖ. ನೀನು ನನ್ನನ್ನು ಕಲ್ಲು ಎಂದುಕೊಂಡೆ. ನನಗೆ ಅಮ್ಮನೂ ಬೇಕು, ನಿನ್ನ ಮಗುವೂ ಬೇಕು. ಇಬ್ಬರಲ್ಲಿ ಯಾರಿಗೆಂದು ಈ ಕೈ ನೀಡಲಿ?

ಈಗ ನಿನಗೆ ಎಲ್ಲ ಗೊತ್ತಾಯಿತು. ನೀನು ತಾಯಿ, ನೀನೇ ಹೇಳು. ಕೊಡು ಎಂದರೆ ಕಾಗದ ಕೈ ಸೇರಿದ ದಿನವೇ ಹಚ್ಚುತ್ತೇನೆ.

ಅಕ್ಕ


ದಾವಣಗೆರೆ
11 ಸೆಪ್ಟೆಂಬರ್ 2024

ಅಕ್ಕ,

ಈಗಲೇ ಕೊಡಬೇಡ. ಅಕ್ಟೋಬರಿನ ತಪಾಸಣೆ ಮುಗಿಯಲಿ.

ಪ್ರಿಯಂವದಾ


ವಾರಾಣಸಿ
25 ಸೆಪ್ಟೆಂಬರ್ 2024

ಪ್ರಿಯೂ,

ನಿನ್ನ ಕಾಗದ ಸಿಕ್ಕಿತು. ಸರಿ. ಮುಗಿಯಲಿ.

ಈಗ ಪಿತೃಪಕ್ಷ. ಮೇಲಿನ ಮನೆ ತುಂಬಿದೆ, ಅಂಗಳದಲ್ಲೂ ಜನ ಮಲಗಿದ್ದಾರೆ. ಕನ್ನಡ ಕೇಳಿಸುವ ಕಡೆಗೆಲ್ಲ ಅಮ್ಮ ಹೋಗಿ ಕೂತುಕೊಳ್ಳುತ್ತಾಳೆ. ಮೊದಲು ನನಗೆ ಅದು ಒಳ್ಳೆಯದೇ ಅನ್ನಿಸಿತ್ತು. ಭಾನುವಾರ ನಾನು ಒಲೆಯ ಮುಂದಿದ್ದಾಗ ಮೇಲೆ ಗಲಾಟೆ ಕೇಳಿಸಿತು. ಹೋಗಿ ನೋಡಿದರೆ ಅಮ್ಮ ನೆಲದ ಮೇಲೆ ಕೂತು ಯಾರದೋ ಬ್ಯಾಗು ಬಿಚ್ಚಿ, ಬಟ್ಟೆ ಎಲ್ಲ ಹರಡಿ, ತನ್ನ ಬಾಟಲಿ ಹುಡುಕುತ್ತಿದ್ದಾಳೆ. ಬ್ಯಾಗಿನ ಹೆಂಗಸು ಅವಳ ರಟ್ಟೆ ಹಿಡಿದು ಎಳೆಯುತ್ತಿದ್ದಾಳೆ. "ಪುರೋಹಿತರ ಮನ್ಯಾಗ ಕಳ್ಳರನ್ನ ಇಟ್ಕೊಂಡೀರೇನ್ರೀ?" ಎಂದು ನನ್ನನ್ನು ಕೇಳಿದಳು. ಇದು ನಮ್ಮಮ್ಮ ಎಂದು ಹೇಳಿದೆ. ಕಾಯಿಲೆ ಎಂದು ಹೇಳಿದೆ. ಆಕೆ ಪಾಪ, ಆಮೇಲೆ ತಾನೇ ಅಮ್ಮನ ಸೆರಗು ಸರಿಮಾಡಿದಳು. ಅಮ್ಮ ಮಾತ್ರ ಅವಮಾನವಾದ ಆಫೀಸರಿನ ಹಾಗೆ ನೆಟ್ಟಗೆ ಎದ್ದು ನಿಂತು, "ಸ್ಟಾಫ್ ರೂಮಿನಲ್ಲಿ ಯಾರೋ ನನ್ನ ಸೆಂಟು ಕದ್ದಿದ್ದಾರೆ. ನಾನು ಕಂಪ್ಲೇಂಟ್ ಕೊಡ್ತೀನಿ" ಎಂದಳು. ಅವಳ ಕೈ ಹಿಡಿದು ಕೆಳಗೆ ಕರೆತಂದೆ.

ಈಗ ಮೇಲಿನ ಬಾಗಿಲಿಗೆ ಚಿಲಕ ಹಾಕಿಸಿದ್ದೇವೆ. ಅವಳು ಅದನ್ನು ಬಡಿಯುತ್ತಾಳೆ.

ಇನ್ನು ಮೇಲೆ ನನಗೆ ಕಾಫಿಪುಡಿ ಕಳಿಸಬೇಡ.

ಅನಂತಲಕ್ಷ್ಮಿ


ದಾವಣಗೆರೆ
19 ಅಕ್ಟೋಬರ್ 2024

ಅಕ್ಕ,

ಅಕ್ಷರಾ ಗಟ್ಟಿಯಾಗಿದ್ದಾಳೆ. ಮೊದಲು ಅದನ್ನು ಹೇಳಿಬಿಡುತ್ತೇನೆ. ಎದೆ ಪೂರ್ತಿ ಕೂಡಿಕೊಂಡಿದೆಯಂತೆ. ಸ್ಕ್ಯಾನ್ ಮಾಡುವಾಗ ಅವಳು ಡಾಕ್ಟರಿಗೆ ಕಥೆ ಹೇಳುತ್ತಾ ಮಲಗಿದ್ದಳು. ಅವಳಪ್ಪ ಗುರುಪ್ರಕಾಶ ಹೊರಗೆ ಬಂದು ಗೋಡೆಗೆ ಒರಗಿ ಅತ್ತುಬಿಟ್ಟರು.

ಈಗ ಮಿಕ್ಕದ್ದು. ಆ ಒಂದು ಸಾಲು ಬರೆದು ಅಂಚೆಡಬ್ಬಕ್ಕೆ ಹಾಕಿದ ಮೇಲೆ ನಾನು ಕನ್ನಡಿ ನೋಡಿಕೊಂಡಿಲ್ಲ. ಮಕ್ಕಳಿಗೆ ಕಾರಣವಿಲ್ಲದೆ ಏನನ್ನೂ ಒಪ್ಪಬೇಡಿ ಎಂದು ಪಾಠ ಹೇಳುವವಳು ನಾನು. ನಿನ್ನನ್ನು ಏನೆಲ್ಲ ಅಂದೆ. ನಾನಾಗಿದ್ದರೆ ಎಂದೋ ಹಚ್ಚಿಬಿಡುತ್ತಿದ್ದೆ ಎಂದೆ. ನನ್ನ ಮಗುವಿನ ಹೆಸರು ಕಂಡ ತಕ್ಷಣ ನನ್ನ ಕೈ "ಬೇಡ" ಎಂದು ಬರೆಯಿತು. ನಂಬಿಕೆ ಬಂತೆಂದಲ್ಲ, ಈಗಲೂ ಇಲ್ಲ. ಒಂದು ವೇಳೆ ಎಂಬ ಮಾತು ಇದೆಯಲ್ಲ, ಅದರ ಎದುರು ನನಗೆ ನಿಲ್ಲಲಾಗಲಿಲ್ಲ. ಅಮ್ಮ ಯಾರದೋ ಬ್ಯಾಗಿನಲ್ಲಿ ಕೈ ಹಾಕಿ ಕಳ್ಳಿ ಅನ್ನಿಸಿಕೊಂಡದ್ದು ನನ್ನ ಆ ಒಂದು ಸಾಲಿನಿಂದ. ನೀನು ಅದನ್ನು ಹೇಳಲಿಲ್ಲ, ನನಗೆ ಗೊತ್ತಿದೆ.

ನೀನು ಹೇಳಿದ್ದು ಕಾಫಿಪುಡಿ ಕಳಿಸಬೇಡ ಎಂದು. ಇಷ್ಟು ವರ್ಷ ಒಂದು ತಿಂಗಳೂ ತಪ್ಪಿಲ್ಲ. ಅಣ್ಣತಮ್ಮಂದಿರಿಲ್ಲದ ನಮಗೆ ತವರಿನಿಂದ ಹೋಗುತ್ತಿದ್ದದ್ದು ಅದೊಂದೇ. ಅದನ್ನೂ ಬೇಡವೆಂದೆ. ನನ್ನ ಮೇಲೆ ಅಷ್ಟು ಬೇಸರವಾಗಿದ್ದರೆ ನಾಲ್ಕು ಮಾತು ಬೈದು ಬರೆ, ತಡೆದುಕೊಳ್ಳುತ್ತೇನೆ. ಹೀಗೆ ಬಾಗಿಲು ಹಾಕಬೇಡ.

ಅಮ್ಮನಿಗೆ ಹಚ್ಚು. ಇವತ್ತೇ ಹಚ್ಚು. ನಾನು, ಅಕ್ಷರಾಳ ತಾಯಿ, ಹೇಳುತ್ತಿದ್ದೇನೆ. ಏನಾದರೂ ಆಗುವುದಿದ್ದರೆ ಅದು ನಾನು ಹೇಳಿದ್ದರಿಂದ ಆಗಲಿ, ನಿನ್ನಿಂದ ಬೇಡ.

ಡಿಸೆಂಬರಿನ ರಜೆಗೆ ಅಕ್ಷರಾಳನ್ನು ಕರೆದುಕೊಂಡು ಬರುತ್ತಿದ್ದೇನೆ. ಟಿಕೆಟ್ ಆಗಿದೆ. ನಾನು ಬರುವಷ್ಟರಲ್ಲಿ ಅವಳು ಮೊದಲಿನ ಹಾಗೆ ಘಮ್ಮೆಂದು ಕೂತಿರಲಿ.

ಪ್ರಿಯೂ


ವಾರಾಣಸಿ
6 ನವೆಂಬರ್ 2024

ಪ್ರಿಯೂ,

ನಿನ್ನ ಕಾಗದವನ್ನು ಇವರಿಗೂ ಓದಿ ಹೇಳಿದೆ. ಮಗು ಗಟ್ಟಿ ಎಂದ ಕಡೆ ಇವರು ಕೈಮುಗಿದರು. ಕಾಫಿಪುಡಿಯ ಕಡೆ ನಕ್ಕರು.

ನಿನ್ನ ಮೇಲೆ ಬೇಸರವಲ್ಲ ಕಣೇ. ಬ್ಯಾಗಿನ ಗಲಾಟೆ ಆದ ದಿನ ಇವರು ಊಟ ಬಿಟ್ಟು ಎದ್ದಿದ್ದರು. ಘಾಟಿನವರೆಗೆ ನಡೆದು ಬಂದು, "ಬುದ್ಧಿ ಸ್ವಾಧೀನ ತಪ್ಪಿದವರ ವ್ರತವನ್ನು ಮಗಳು ಹೊರಬಹುದು. ತನಗೆ ಅಷ್ಟೇ ಪ್ರಿಯವಾದದ್ದನ್ನು ಬಿಡಬೇಕು" ಎಂದರು. ಇದು ಶಾಸ್ತ್ರದಲ್ಲಿ ಇದೆಯಾ ಎಂದು ಕೇಳಿದೆ. "ಇದೆಯೋ ಇಲ್ಲವೋ, ನಾನು ಹುಡುಕಲು ಹೋಗುವುದಿಲ್ಲ. ಸಂಕಲ್ಪ ಮಾಡಿಸಿದವನು ನಾನು, ನಾನು ಹೇಳ್ತಿದ್ದೀನಿ" ಎಂದರು. ಈ ಮನುಷ್ಯನನ್ನು ಕಟ್ಟಿಕೊಂಡು ಬಂದಾಗಿನಿಂದ ಅವರ ಬಾಯಲ್ಲಿ ಇಂಥ ಮಾತು ಕೇಳಿದ್ದು ಅದೇ ಮೊದಲು.

ನನಗೆ ಪ್ರಿಯವಾದದ್ದು ಏನಿದೆ? ಒಡವೆಯಲ್ಲ, ಸೀರೆಯಲ್ಲ. ಎಲ್ಲರೂ ಘಾಟಿಗೆ ಹೋದ ಮೇಲೆ ಒಬ್ಬಳೇ ಕೂತು ಕುಡಿಯುವ ನಿನ್ನ ಕಾಫಿ. ಆ ಒಂದು ಲೋಟದಷ್ಟು ಹೊತ್ತು ನಾನು ದಾವಣಗೆರೆಯಲ್ಲಿ ಇರುತ್ತಿದ್ದೆ. ಮರುದಿನ ಬೆಳಿಗ್ಗೆ ಇವರ ಜೊತೆ ಹೋಗಿ ಬಿಟ್ಟು ಬಂದೆ. ಆದರೂ ಅಮ್ಮನಿಗೆ ಹಚ್ಚಲಿಲ್ಲ. ನೀನು ಕಾಯಲು ಹೇಳಿದ್ದೆ, ಕಾದೆ. ನಿನಗೆ ತಿಳಿಸಿದರೆ ಪಾಪಪ್ರಜ್ಞೆಯಿಂದ ತಪಾಸಣೆಗೆ ಮೊದಲೇ ಹಚ್ಚು ಎನ್ನುತ್ತೀಯ, ಆಮೇಲೆ ರಿಪೋರ್ಟು ಬರುವವರೆಗೂ ನರಳುತ್ತೀಯ ಎಂದು ಬರೆಯಲಿಲ್ಲ. ಅದು ನಿನಗೆ ಹೀಗೆ ಚುಚ್ಚುತ್ತದೆ ಎಂದು ನನಗೆ ಹೊಳೆಯಲೇ ಇಲ್ಲ.

ಈಗ ಕೇಳು. ಕೂತುಕೊಂಡು ಓದು.

ದೀಪಾವಳಿಗೆ ಎಣ್ಣೆನೀರು ಹಾಕಿದೆ. ಆ ಹಸಿರು ಅಂಚಿನ ಸೀರೆ ಉಡಿಸಿದೆ. ಎಂದಿನಂತೆ ಕೈ ಚಾಚಿ "ಅನಂತೀ, ನನ್ನ ಸೆಂಟು" ಎಂದಳು. ತಂದಿದ್ದೀನಿ ಅಮ್ಮ ಎಂದೆ. ನೀಲಿ ಬಾಟಲಿ ನೋಡಿದ್ದೇ ಅವಳ ಮುಖ ಅರಳಿತು. ನೀನು ಅದನ್ನು ನೋಡಬೇಕಿತ್ತು. ಮಣಿಕಟ್ಟಿಗೆ ಹಚ್ಚಿದೆ, ತಾನೇ ಇನ್ನೊಂದಕ್ಕೆ ಉಜ್ಜಿಕೊಂಡಳು, ಕಿವಿಯ ಹಿಂದೆ ಮುಟ್ಟಿಸಿಕೊಂಡಳು. ಯಾರೂ ಹೇಳಿಕೊಡಲಿಲ್ಲ. ಕೋಣೆಯೆಲ್ಲ ನಿಂಬೆಸಿಪ್ಪೆ, ಸುಗಂಧರಾಜ. ನನಗೆ ನನ್ನ ಹತ್ತು ವರ್ಷದ ವಯಸ್ಸು ಎದುರು ಬಂದು ನಿಂತಂತಾಯಿತು. ವಿಜಯಾ ಹೊರಗಿನಿಂದ ಬರುತ್ತಾ ಮೆಟ್ಟಿಲಲ್ಲೇ, "ಅರೇ, ನಾನೀವಾಲೀ ಖುಷ್ಬೂ" ಎಂದಳು, ಅಜ್ಜಿಯ ಪರಿಮಳವಂತೆ. ಇವರು ದೇವರ ಮುಂದಿನಿಂದ ಎದ್ದು ಬಂದು ಬಾಗಿಲಲ್ಲಿ ನಿಂತರು.

ಅಮ್ಮ ಮಣಿಕಟ್ಟನ್ನು ಮೂಗಿಗೆ ಒತ್ತಿ ಹಿಡಿದಳು. ಮತ್ತೆ ಹಿಡಿದಳು. ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದಳು.

"ನೀರು ಹಚ್ಚಿದೀಯ" ಎಂದಳು.

ಇಲ್ಲಮ್ಮ, ಇದು ನಿನ್ನದೇ ಎಂದೆ. ಇನ್ನೂ ಹಾಕಿದೆ. ಅಂಗೈಯಿಂದ ತೊಟ್ಟಿಕ್ಕುವಷ್ಟು ಹಾಕಿದೆ. "ನೀರು ಹಚ್ಚಿ ನನಗೆ ಮೋಸ ಮಾಡ್ತಿದೀಯ. ನನ್ನ ಸೆಂಟು ಎಲ್ಲೇ?" ಎಂದು ಅತ್ತಳು.

ಮೂರು ದಿನ ಬಿಟ್ಟು ಲಂಕಾದ ಕಡೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಈ ಕಾಯಿಲೆಯಲ್ಲಿ ನೆನಪಿಗಿಂತ ಮೊದಲೇ ಮೂಗು ಹೋಗುವುದುಂಟು, ನಿಮಗೆ ಗೊತ್ತಾಗುವುದಕ್ಕಿಂತ ಎಷ್ಟೋ ಮೊದಲೇ ಹೋಗಿರುತ್ತದೆ, ಅದು ಮರಳಿ ಬರುವುದಿಲ್ಲ ಎಂದರು. ಎಷ್ಟು ಮೊದಲು ಎಂದು ಕೇಳಿದೆ. ಹೇಳಲಾಗದು ಎಂದರು. ಘಾಟಿನಲ್ಲಿ ಬಿಟ್ಟ ದಿನ ಅವಳಿಗೆ ವಾಸನೆ ತಿಳಿಯುತ್ತಿತ್ತೇ ಎಂದು ನೀನು ಯೋಚಿಸಲು ಹೋಗಬೇಡ. ನಾನು ಯೋಚಿಸಿ ನೋಡಿದೆ, ಅದರಲ್ಲಿ ದಾರಿಯಿಲ್ಲ. ತಿಳಿಯುತ್ತಿತ್ತು ಎಂದೇ ಇಟ್ಟುಕೊಳ್ಳೋಣ.

ನನಗೆ ಇದನ್ನು ತಡೆಯಲಾಗುತ್ತಿಲ್ಲ ಪ್ರಿಯೂ. ಕೊಡುವುದೋ ಬೇಡವೋ ಎಂದು ನಾವಿಬ್ಬರೂ ಜುಲೈಯಿಂದ ಹೊಡೆದಾಡಿದೆವಲ್ಲ, ಕೊಡುವುದು ನಮ್ಮ ಕೈಯಲ್ಲಿ ಇರಲೇ ಇಲ್ಲ. ಅವಳು ಕೇಳುತ್ತಿರುವುದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಆದರೂ ದಿನಾ ಹಚ್ಚುತ್ತೇನೆ. ಉಜ್ಜಿಕೊಳ್ಳುವಷ್ಟು ಹೊತ್ತು ಅವಳ ಕೈಗೆ ಸಮಾಧಾನವಿರುತ್ತದೆ, ಆಮೇಲೆ ಕೇಳತೊಡಗುತ್ತಾಳೆ. ಡಿಸೆಂಬರಿನಲ್ಲಿ ನೀನು ಬರುವಾಗ ಗಲ್ಲಿಯ ತಿರುವಿನಲ್ಲೇ ನಿನಗೆ ಗೊತ್ತಾಗುತ್ತದೆ, ಅಮ್ಮ ಇದ್ದಾಳೆ ಎಂದು. ಓಡಿ ಬರುತ್ತೀಯ, ನನಗೆ ಗೊತ್ತು. ಒಳಗೆ ಅವಳು ನಿನ್ನನ್ನು ಗುರುತಿಸಲಿಕ್ಕಿಲ್ಲ. ಎರಡೂ ಕೈ ಚಾಚಿ, ನನ್ನ ಸೆಂಟು ತಂದ್ಯಾ ಎಂದು ಕೇಳುತ್ತಾಳೆ.

ತಂದಿದ್ದೀನಿ ಅನ್ನು.

ಅಕ್ಕ